ಸತ್ತ ಮೇಲೂ ಬರೆದ ಬರ್ಥಾ ಕ್ಲೇ

1884ರ ನವೆಂಬರ್ 25ರಂದು ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದ ಹಿಂಕ್ಲಿ ಎಂಬ ಸಣ್ಣ ಊರಿನಲ್ಲಿ ಷಾರ್ಲೆಟ್ ಮೇರಿ ಬ್ರೇಮ್ ಎಂಬ ಮಹಿಳೆ ತೀರಿಕೊಂಡಳು. ಆಗ ಆಕೆಗೆ 48 ವರ್ಷ. ಬರೆದದ್ದು ಸುಮಾರು 130 ಕಾದಂಬರಿ. ಬಿಟ್ಟುಹೋದದ್ದು ಗಂಡ, ಮಕ್ಕಳು ಮತ್ತು ತೀರಿಸಲಾಗದ ಸಾಲ.

ಅಟ್ಲಾಂಟಿಕ್ ಸಾಗರದ ಆಚೆ, ನ್ಯೂಯಾರ್ಕಿನಲ್ಲಿ, ಆಕೆ ಸಾಯಲೇ ಇಲ್ಲ. ಅಲ್ಲಿ ಆಕೆಯ ಹೆಸರು ಬರ್ಥಾ ಎಂ. ಕ್ಲೇ. ಆ ಹೆಸರಿನಲ್ಲಿ ಹೊಸ ಹೊಸ ಪ್ರೇಮ ಕಾದಂಬರಿಗಳು ಇಪ್ಪತ್ತನೇ ಶತಮಾನಕ್ಕೆ ಕಾಲಿಟ್ಟ ಮೇಲೂ ಪುಸ್ತಕದಂಗಡಿಗಳಿಗೆ, ರೈಲು ನಿಲ್ದಾಣಗಳಿಗೆ ಬರುತ್ತಲೇ ಇದ್ದವು. ಕೊಂಡು ಓದಿದವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ತಮ್ಮ ನೆಚ್ಚಿನ ಲೇಖಕಿ ಮಣ್ಣು ಸೇರಿ ವರ್ಷಗಳೇ ಉರುಳಿವೆ, ಈಗ ಕಣ್ಣೀರು ತರಿಸುತ್ತಿರುವ ಕಥೆಯನ್ನು ಬರೆದದ್ದು ಗಂಡಸೊಬ್ಬ ಇರಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಲೇಖಕಿಗಿಂತ ಲೇಖಕಿಯ ಹೆಸರು ಹೆಚ್ಚು ಕಾಲ ಬಾಳಿದ, ಹೆಚ್ಚು ಹಣವನ್ನೂ ಗಳಿಸಿದ ಕಥೆ ಇದು. ಇದನ್ನು ತಿಳಿಯಲು ಮೊದಲು ಅಮೆರಿಕದ 'ಡೈಮ್ ನಾವೆಲ್' ಯುಗವನ್ನು ಸ್ವಲ್ಪ ಅರಿಯಬೇಕು.

ಹತ್ತು ಸೆಂಟಿಗೆ ಒಂದು ಕಾದಂಬರಿ

ಡೈಮ್ ಎಂದರೆ ಹತ್ತು ಸೆಂಟಿನ ಅಮೆರಿಕದ ನಾಣ್ಯ. 1860ರ ಜೂನ್‌ನಲ್ಲಿ ನ್ಯೂಯಾರ್ಕಿನ ಬೀಡಲ್ ಪ್ರಕಾಶನ ಸಂಸ್ಥೆ ಹತ್ತು ಸೆಂಟು ಬೆಲೆಯ, ತೆಳು ಕಾಗದದ ಹೊದಿಕೆಯ ಕಾದಂಬರಿಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು 'ಮಲಾಯೆಸ್ಕಾ', ಬರೆದಾಕೆ ಆನ್ ಎಸ್. ಸ್ಟೀಫನ್ಸ್. ಅಗ್ಗದ ಪುಸ್ತಕಗಳ ಮಹಾಪೂರವೇ ಇದರ ಬೆನ್ನಿಗೆ ಹರಿದು ಬಂತು. ಕುದುರೆ ಸವಾರರು, ಪತ್ತೇದಾರರು, ಗಡಿನಾಡಿನ ಸಾಹಸಿಗರ ಕಥೆಗಳು ಒಂದು ಕಡೆ. ಹೆಂಗಸರಿಗಾಗಿ ಬರೆದ ಪ್ರೇಮ ಕಥೆಗಳು ಇನ್ನೊಂದು ಕಡೆ. ಈ ಅಬ್ಬರ ಸುಮಾರು ಐವತ್ತು ವರ್ಷ ನಡೆಯಿತು.

ಇದಕ್ಕೆ ಕಾರಣಗಳು ಹಲವು. ಉಗಿಯಂತ್ರದಿಂದ ಓಡುವ ಮುದ್ರಣ ಯಂತ್ರಗಳು ಬಂದಿದ್ದವು. ಚಿಂದಿ ಬಟ್ಟೆಯ ಬದಲು ಮರದ ತಿರುಳಿನಿಂದ ಕಾಗದ ಮಾಡಲು ಆರಂಭಿಸಿದ್ದರಿಂದ ಕಾಗದ ಅಗ್ಗವಾಗಿತ್ತು. ಶಾಲೆಗಳು ಹೆಚ್ಚಿ, ಓದಬಲ್ಲ ಕೂಲಿಕಾರರೂ ಮನೆಗೆಲಸದ ಹುಡುಗಿಯರೂ ಹೆಚ್ಚಿದ್ದರು. ರೈಲು ಊರೂರು ತಲುಪಿತ್ತು. ಅಂಚೆ ಇಲಾಖೆಯ ಕೃಪೆಯೂ ಸೇರಿತ್ತು. ನಿಯತಕಾಲಿಕಗಳಿಗೆ ಅಂಚೆ ದರ ಬಹಳ ಕಡಿಮೆ. 1885ರಲ್ಲಿ ಅದನ್ನು ಒಂದು ಪೌಂಡ್ ತೂಕಕ್ಕೆ ಒಂದೇ ಸೆಂಟಿಗೆ ಇಳಿಸಲಾಯಿತು. ಪ್ರಕಾಶಕರು ಜಾಣರು. ಕಾದಂಬರಿಗಳಿಗೆ ಸಂಚಿಕೆಯಂತೆ ಕ್ರಮಸಂಖ್ಯೆ ಕೊಟ್ಟು, 'ಲೈಬ್ರರಿ' ಎಂಬ ಮಾಲಿಕೆಯ ಹೆಸರಿಟ್ಟು, ಅವೂ ನಿಯತಕಾಲಿಕಗಳೇ ಎಂದು ಅಂಚೆಗೆ ಹಾಕಿದರು. ಜಾರ್ಜ್ ಮನ್ರೋ 1877ರಲ್ಲಿ ಆರಂಭಿಸಿದ 'ಸೀಸೈಡ್ ಲೈಬ್ರರಿ' ಇಂಥ ಮಾಲಿಕೆಗಳಲ್ಲಿ ಪ್ರಸಿದ್ಧವಾದುದು.

ಇವುಗಳ ಜೊತೆಯಲ್ಲೇ ಬೆಳೆದದ್ದು ಕಥಾ ವಾರಪತ್ರಿಕೆಗಳು. ಏಕಕಾಲಕ್ಕೆ ಹಲವು ಧಾರಾವಾಹಿಗಳು. ಪ್ರತಿ ಕಂತೂ ಕುತೂಹಲದ ತುತ್ತತುದಿಯಲ್ಲಿ ನಿಲ್ಲಬೇಕು. ಮುಂದಿನ ವಾರದ ಸಂಚಿಕೆಗಾಗಿ ಮನೆಮಂದಿಯೆಲ್ಲ ಕಾಯುವ ಆ ಚಡಪಡಿಕೆ ಕನ್ನಡದ ವಾರಪತ್ರಿಕೆಗಳ ಓದುಗರಿಗೆ ಹೊಸದೇನಲ್ಲ. ಸ್ಟ್ರೀಟ್ ಅಂಡ್ ಸ್ಮಿತ್ ಎಂಬ ಸಂಸ್ಥೆಯ 'ನ್ಯೂಯಾರ್ಕ್ ವೀಕ್ಲಿ' ಇಂಥದೊಂದು ಪತ್ರಿಕೆ. ಬರ್ಥಾ ಕ್ಲೇ ಹುಟ್ಟಿದ್ದು ಇದೇ ಪತ್ರಿಕೆಯ ಪುಟಗಳಲ್ಲಿ.

ಕಾಲುಚೀಲದ ಊರಿನ ಹುಡುಗಿ

ಹಿಂಕ್ಲಿ ಕಾಲುಚೀಲ ನೇಯ್ಗೆಗೆ ಹೆಸರಾದ ಊರು. ಷಾರ್ಲೆಟ್ ಮೇರಿ ಲಾ ಅಲ್ಲಿ ಹುಟ್ಟಿದ್ದು 1836ರ ನವೆಂಬರ್‌ನಲ್ಲಿ, ರೋಮನ್ ಕ್ಯಾಥೊಲಿಕ್ ಕುಟುಂಬದಲ್ಲಿ. ಕಾನ್ವೆಂಟ್ ಶಾಲೆಗಳಲ್ಲಿ ಓದಿದಳು. ಆಮೇಲೆ ಕೆಲಕಾಲ ಗವರ್ನೆಸ್ ಆಗಿ, ಎಂದರೆ ಉಳ್ಳವರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿಯಾಗಿ ದುಡಿದಳು. ಗವರ್ನೆಸ್‌ಳ ಸ್ಥಾನ ವಿಚಿತ್ರವಾದುದು. ಅತ್ತ ಮನೆಯವಳೂ ಅಲ್ಲ, ಇತ್ತ ಆಳೂ ಅಲ್ಲ. ದೊಡ್ಡ ಮನೆಯ ವೈಭವವನ್ನು ಹತ್ತಿರದಿಂದ ನೋಡಬಹುದು, ಆದರೆ ಅದರಲ್ಲಿ ಪಾಲಿಲ್ಲ. ಮುಂದೆ ಆಕೆಯ ಕಥೆಗಳ ತುಂಬ ಬರುವ ಅರಮನೆಗಳು, ಲಾರ್ಡ್‌ಗಳು, ಅವರ ಹೊಸ್ತಿಲಲ್ಲಿ ನಿಂತ ಬಡ ಹುಡುಗಿಯರನ್ನು ನೋಡಿದರೆ ಈ ಹಿನ್ನೆಲೆ ನೆನಪಾಗದೆ ಇರದು.

1863ರಲ್ಲಿ ಆಕೆ ಫಿಲಿಪ್ ಎಡ್ವರ್ಡ್ ಬ್ರೇಮ್ ಎಂಬ ಆಭರಣ ವ್ಯಾಪಾರಿಯನ್ನು ಮದುವೆಯಾದಳು. ಒಂಬತ್ತು ಮಕ್ಕಳು ಹುಟ್ಟಿದರು. ಬೆಳೆದು ದೊಡ್ಡವರಾದವರು ನಾಲ್ವರೇ. ಸಂಸಾರ ಲಂಡನ್, ಮ್ಯಾಂಚೆಸ್ಟರ್, ಬ್ರೈಟನ್ ಎಂದು ಊರು ಬದಲಿಸುತ್ತ ಕೊನೆಗೆ ಹಿಂಕ್ಲಿಗೇ ಮರಳಿತು. ಹೆರಿಗೆ, ಮಕ್ಕಳ ಸಾವು, ಮನೆ ಬದಲಾವಣೆಗಳ ನಡುವೆಯೇ ಆಕೆಯ ಬರವಣಿಗೆ ನಡೆಯಿತು. ಮೊದಲು 'ದಿ ಲ್ಯಾಂಪ್' ಎಂಬ ಕ್ಯಾಥೊಲಿಕ್ ಪತ್ರಿಕೆಗೆ ಸಣ್ಣಕಥೆಗಳು. ಆಮೇಲೆ 'ಬೋ ಬೆಲ್ಸ್', 'ಫ್ಯಾಮಿಲಿ ಹೆರಾಲ್ಡ್'ನಂಥ ಜನಪ್ರಿಯ ವಾರಪತ್ರಿಕೆಗಳಿಗೆ ಒಂದರ ಮೇಲೊಂದು ಧಾರಾವಾಹಿ.

'ಫ್ಯಾಮಿಲಿ ಹೆರಾಲ್ಡ್' ಒಂದು ಪೆನ್ನಿ ಬೆಲೆಯ ಪತ್ರಿಕೆ. ಅಂಗಡಿಯವರ, ಕುಶಲಕರ್ಮಿಗಳ ಮನೆಗಳಿಗೂ ಅದು ಹೋಗುತ್ತಿತ್ತು. ಒಂದು ತೊಡಕೆಂದರೆ, ಅದರಲ್ಲಿ ಧಾರಾವಾಹಿಗಳು ಸಾಮಾನ್ಯವಾಗಿ ಲೇಖಕರ ಹೆಸರಿಲ್ಲದೆ ಅಚ್ಚಾಗುತ್ತಿದ್ದವು. ಓದುಗರಿಗೆ ಕಥೆ ಗೊತ್ತು, ಬರೆದವರು ಗೊತ್ತಿಲ್ಲ. ಈ ಅನಾಮಿಕತೆಯೇ ಮುಂದಿನದಕ್ಕೆಲ್ಲ ಬಾಗಿಲು ತೆರೆಯಿತು.

ತಿರುಗುಮುರುಗಾದ ಅಕ್ಷರಗಳು

ಅಮೆರಿಕದ ಆಗಿನ ಕಾನೂನು ಸ್ವದೇಶದ ಲೇಖಕರ ಕೃತಿಗಳಿಗೆ ಮಾತ್ರ ಗ್ರಂಥಸ್ವಾಮ್ಯದ ರಕ್ಷಣೆ ಕೊಡುತ್ತಿತ್ತು. ಇಂಗ್ಲೆಂಡಿನಲ್ಲಿ ಅಚ್ಚಾದ ಕಾದಂಬರಿಯನ್ನು ಹಡಗಿನಲ್ಲಿ ತರಿಸಿ, ಮೊಳೆ ಜೋಡಿಸಿ, ಮಾರಿದರೆ ಅದು ಅಪರಾಧವಲ್ಲ. ಲೇಖಕನಿಗೆ ಒಂದು ಕಾಸು ಕೊಡಬೇಕೆಂಬ ನಿಯಮವಿಲ್ಲ. 1842ರಲ್ಲಿ ಅಮೆರಿಕ ಪ್ರವಾಸ ಮಾಡಿದ ಚಾರ್ಲ್ಸ್ ಡಿಕನ್ಸ್ ಇದರ ವಿರುದ್ಧ ದನಿ ಎತ್ತಿ, ಅಲ್ಲಿನ ಪತ್ರಿಕೆಗಳ ಕೆಂಗಣ್ಣಿಗೆ ಗುರಿಯಾಗಿದ್ದ. ಡಿಕನ್ಸ್‌ನಂಥವನ ಮಾತೇ ನಡೆಯದ ಕಡೆ, ಹೆಸರಿಲ್ಲದೆ ಬರೆಯುವ ಹಿಂಕ್ಲಿಯ ಗೃಹಿಣಿಯ ಪಾಡೇನು? ಹಾಗೆಂದು ಅಮೆರಿಕನ್ನರಷ್ಟೇ ತಪ್ಪಿತಸ್ಥರೆನ್ನುವಂತಿಲ್ಲ. 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದ ಅಮೆರಿಕದ ಹ್ಯಾರಿಯೆಟ್ ಬೀಚರ್ ಸ್ಟೋವ್‌ಳ ಕೃತಿಯನ್ನು ಇಂಗ್ಲೆಂಡಿನ ಪ್ರಕಾಶಕರೂ ಹೀಗೆಯೇ ಕೊಳ್ಳೆ ಹೊಡೆದಿದ್ದರು.

1870ರ ದಶಕದ ಮಧ್ಯಭಾಗದಲ್ಲಿ 'ನ್ಯೂಯಾರ್ಕ್ ವೀಕ್ಲಿ' ಷಾರ್ಲೆಟ್ ಬ್ರೇಮ್‌ಳ ಕಥೆಗಳನ್ನು ಅಚ್ಚು ಹಾಕಲು ಆರಂಭಿಸಿತು. ಆದರೆ ಓದುಗರನ್ನು ಹಿಡಿದಿಡಬೇಕಾದರೆ ಕಥೆಗೊಂದು ಹೆಸರು ಬೇಕು. ಷಾರ್ಲೆಟ್ ಎಂ. ಬ್ರೇಮ್ ಎಂಬುದರ ಮೊದಲಕ್ಷರಗಳು ಸಿ.ಎಂ.ಬಿ. ಅದನ್ನು ಹಿಂದುಮುಂದು ಮಾಡಿದರೆ ಬಿ.ಎಂ.ಸಿ. ಹೀಗೆ ಬಂದದ್ದು ಬರ್ಥಾ ಎಂ. ಕ್ಲೇ ಎಂಬ ವಿವರಣೆ ಪ್ರಚಲಿತವಾಗಿದೆ. ಈ ಹೆಸರಿನ ಮಹಿಳೆ ಎಲ್ಲಿಯೂ ಇರಲಿಲ್ಲ.

ಉಳಿದ ಪ್ರಕಾಶಕರು ಸುಮ್ಮನಿರುತ್ತಾರೆಯೇ? ಮೂಲ ಯಾರ ಸ್ವತ್ತೂ ಅಲ್ಲದಿದ್ದ ಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದಲ್ಲ. ಮನ್ರೋನ ಮಾಲಿಕೆಯಲ್ಲಿ ಆಕೆ ಒಂದು ಅಕ್ಷರ ಹೆಚ್ಚಿಸಿಕೊಂಡು 'ಷಾರ್ಲೆಟ್ ಎಂ. ಬ್ರೆಯಿಮ್' ಆದಳು. ಇನ್ನು ಕೆಲವು ಪುಸ್ತಕಗಳ ಮೇಲೆ ಹೆಸರೇ ಇಲ್ಲ, ಬರೀ '"ಡೋರಾ ಥಾರ್ನ್" ಬರೆದ ಲೇಖಕಿ' ಎಂದಷ್ಟೇ. ಒಬ್ಬಳೇ ಮಹಿಳೆ ಒಂದೇ ದೇಶದಲ್ಲಿ ಮೂರು ಲೇಖಕಿಯರಾಗಿ ಮಾರಾಟವಾಗುತ್ತಿದ್ದಳು.

ಹೊಸ್ತಿಲು ದಾಟಿದ ಹುಡುಗಿ

'ಡೋರಾ ಥಾರ್ನ್' ಆಕೆಯ ಅತ್ಯಂತ ಜನಪ್ರಿಯ ಕಾದಂಬರಿ. ಲಾರ್ಡ್ ಮನೆತನದ ವಾರಸುದಾರ ರೊನಾಲ್ಡ್ ಅರ್ಲ್, ತಮ್ಮ ಎಸ್ಟೇಟಿನ ಗೇಟು ಕಾಯುವವನ ಮಗಳು ಡೋರಾಳನ್ನು ಗುಟ್ಟಾಗಿ ಮದುವೆಯಾಗುತ್ತಾನೆ. ತಂದೆ ಮಗನನ್ನು ಮನೆಯಿಂದ ಹೊರಹಾಕುತ್ತಾನೆ. ದಂಪತಿ ಇಟಲಿಗೆ ಹೋಗುತ್ತಾರೆ. ಅಲ್ಲಿ ಸಂಶಯ, ಅಸೂಯೆಯಿಂದ ಮದುವೆ ಮುರಿಯುತ್ತದೆ. ಡೋರಾ ಅವಳಿ ಹೆಣ್ಣುಮಕ್ಕಳನ್ನು ಎತ್ತಿಕೊಂಡು ತವರಿಗೆ ಮರಳುತ್ತಾಳೆ. ಮಕ್ಕಳು ಬೆಳೆದು ಅಜ್ಜನ ಅರಮನೆ ಸೇರುವ ಹೊತ್ತಿಗೆ, ಹಿರಿಯವಳಾದ ಬಿಯಾಟ್ರಿಸ್ ಹಿಂದೊಮ್ಮೆ ನಾವಿಕನೊಬ್ಬನಿಗೆ ಗುಟ್ಟಾಗಿ ಕೊಟ್ಟ ಮಾತು ಅವಳ ಬೆನ್ನು ಹತ್ತಿ ಬರುತ್ತದೆ. ಕೊನೆಗೆ ಅವಳು ಸರೋವರದಲ್ಲಿ ಮುಳುಗಿ ಸಾಯುತ್ತಾಳೆ. ಬೇರೆಯಾದ ಗಂಡಹೆಂಡತಿ ದುಃಖದಲ್ಲಿ ಮತ್ತೆ ಒಂದಾಗುತ್ತಾರೆ.

ಸೂತ್ರ ಸರಳ: ಅಂತಸ್ತಿನ ಗೋಡೆ, ಅದನ್ನು ದಾಟುವ ಪ್ರೇಮ, ಮುಚ್ಚಿಟ್ಟ ಗುಟ್ಟು, ತೆರಬೇಕಾದ ಬೆಲೆ. ಆದರೆ ಒಂದು ಅಂಶ ಗಮನಾರ್ಹ. ಆಕೆಯ ಕಥೆ ಮದುವೆಗೆ ಮುಗಿಯುವುದಿಲ್ಲ. ಬಡ ಹುಡುಗಿ ದೊಡ್ಡ ಮನೆಯ ಸೊಸೆಯಾದ ಮೇಲೆ ಏನಾಗುತ್ತದೆ? ಅವಳ ಮಾತು, ನಡಿಗೆ, ಓದು ಗಂಡನಿಗೇ ಸಾಲದೆ ಹೋದಾಗ? ಈ ಪ್ರಶ್ನೆಯಿಂದ 'ಡೋರಾ ಥಾರ್ನ್'ನ ನಿಜವಾದ ಕಥೆ ಶುರುವಾಗುತ್ತದೆ. 'ಥಾರ್ನ್ಸ್ ಅಂಡ್ ಆರೆಂಜ್ ಬ್ಲಾಸಮ್ಸ್' ಎಂಬ ಇನ್ನೊಂದು ಕಾದಂಬರಿಯ ಹೆಸರಿನಲ್ಲಿಯೂ ಮುಳ್ಳು ಮತ್ತು ಮದುವಣಗಿತ್ತಿಯ ಹೂವು ಜೊತೆಯಲ್ಲೇ ಇವೆ. ಪಾಶ್ಚಾತ್ಯ ವಧುಗಳು ಮದುವೆಯ ದಿನ ಮುಡಿಯುತ್ತಿದ್ದುದು ಕಿತ್ತಳೆ ಹೂವನ್ನೇ.

ಕಥೆಯಲ್ಲಿ ಹೆಣ್ಣುಮಕ್ಕಳಿಗೆ ಕೊನೆಗಾದರೂ ನ್ಯಾಯ ಸಿಗುತ್ತಿತ್ತು. ಬರೆದವಳ ಪಾಲಿಗೆ ಅದು ಸಿಗಲಿಲ್ಲ. ಅಮೆರಿಕದಲ್ಲಿ ಪುಸ್ತಕಗಳು ರಾಶಿರಾಶಿ ಮಾರಾಟವಾಗುತ್ತಿದ್ದಾಗ ಆಕೆ ಸಾಲಗಾರ್ತಿಯಾಗಿಯೇ ಕಣ್ಣು ಮುಚ್ಚಿದಳು. ಒಂದೂವರೆ ವರ್ಷದ ನಂತರ, 1886ರ ಮೇ ತಿಂಗಳಲ್ಲಿ, ಗಂಡ ಆತ್ಮಹತ್ಯೆ ಮಾಡಿಕೊಂಡ. ಮಕ್ಕಳ ಪಾಲನೆ ಪೋಷಕರ ವಶಕ್ಕೆ ಹೋಯಿತು.

ಗಂಡಸು ಬರೆದ ಹೆಂಗಸು

ಲೇಖಕಿ ಸತ್ತರೆ ಹೊಸ ಕಾದಂಬರಿ ನಿಲ್ಲಬೇಕು. ಆದರೆ ಸ್ಟ್ರೀಟ್ ಅಂಡ್ ಸ್ಮಿತ್‌ಗೆ ಹಾಗನ್ನಿಸಲಿಲ್ಲ. ಬರ್ಥಾ ಕ್ಲೇ ಆ ಸಂಸ್ಥೆಯೇ ಮಾಡಿದ ಹೆಸರು. ಸಾಬೂನಿನ ಮೇಲೆ, ಚಹಾ ಪೊಟ್ಟಣದ ಮೇಲೆ ಇರುವ ಗುರುತಿನ ಹಾಗೆ ಅದೂ ಒಂದು ಗುರುತು. ಗುರುತು ಇದ್ದರಾಯಿತು, ಸರಕನ್ನು ಯಾರು ತಯಾರಿಸಿದರೇನು?

ಹೀಗೆ ಆ ಹೆಸರಿನಡಿ ಬರೆದವರಲ್ಲಿ ಜಾನ್ ಆರ್. ಕೋರಿಯೆಲ್ ಪ್ರಮುಖ. ಇವನು ಸಾಮಾನ್ಯನಲ್ಲ. 1886ರಲ್ಲಿ 'ನ್ಯೂಯಾರ್ಕ್ ವೀಕ್ಲಿ'ಯಲ್ಲಿ ನಿಕ್ ಕಾರ್ಟರ್ ಎಂಬ ಪತ್ತೇದಾರನನ್ನು ಹುಟ್ಟುಹಾಕಿದವನು ಇವನೇ. ಷರ್ಲಾಕ್ ಹೋಮ್ಸ್ ಬೆಳಕಿಗೆ ಬಂದದ್ದು 1887ರಲ್ಲಿ, ಅಂದರೆ ಅದಕ್ಕೂ ಒಂದು ವರ್ಷದ ನಂತರ. ಗುದ್ದಾಟ, ವೇಷ ಮರೆಸುವಿಕೆಗಳ ಪತ್ತೇದಾರಿ ಕಥೆ ಬರೆದ ಅದೇ ಕೈ, ಲಾರ್ಡ್‌ಗಳ ತೋಟದಲ್ಲಿ ನಿಟ್ಟುಸಿರಿಡುವ ಕನ್ಯೆಯರನ್ನೂ ಚಿತ್ರಿಸಿತು. ಇನ್ನೂ ಸೋಜಿಗವೆಂದರೆ, ಇದೇ ಕೋರಿಯೆಲ್ ಮುಂದೆ ಎಮ್ಮಾ ಗೋಲ್ಡ್‌ಮನ್‌ಳ ಅರಾಜಕತಾವಾದಿ ಬಳಗಕ್ಕೆ ಹತ್ತಿರವಾದ. ಅಂತಸ್ತು, ಆಸ್ತಿ ಎರಡನ್ನೂ ಧಿಕ್ಕರಿಸುವ ಬಳಗ ಅದು!

1891ರಲ್ಲಿ 'ಚೇಸ್ ಕಾಯಿದೆ' ಜಾರಿಗೆ ಬಂದು, ವಿದೇಶಿ ಲೇಖಕರಿಗೂ ಅಮೆರಿಕದಲ್ಲಿ ಗ್ರಂಥಸ್ವಾಮ್ಯ ಸಿಗುವಂತಾಯಿತು. ಪುಸ್ತಕದ ಮೊಳೆ ಜೋಡಣೆ ಅಮೆರಿಕದಲ್ಲೇ ನಡೆದಿರಬೇಕೆಂಬ ಷರತ್ತು ಅದಕ್ಕಿತ್ತು. ಆದರೆ ಕಾಯಿದೆ ಹಿಂದಿನ ಕೃತಿಗಳಿಗೆ ಅನ್ವಯಿಸಲಿಲ್ಲ. ಷಾರ್ಲೆಟ್ ಸತ್ತು ಏಳು ವರ್ಷವಾಗಿತ್ತು. ಆಕೆಯ ಹಳೆಯ ಕಾದಂಬರಿಗಳು ಎಂದಿನಂತೆ ಬಿಟ್ಟಿ ಸರಕಾಗಿಯೇ ಉಳಿದವು. ಬಾಡಿಗೆ ಲೇಖಕರ ಹೊಸ ಕಾದಂಬರಿಗಳು ಅವುಗಳ ಜೊತೆ ಸೇರಿ, ಯಾವುದು ಅಸಲಿ, ಯಾವುದು ನಕಲಿ ಎಂದು ಬೇರ್ಪಡಿಸಲಾಗದ ಸ್ಥಿತಿ ಬಂತು. ಸ್ಟ್ರೀಟ್ ಅಂಡ್ ಸ್ಮಿತ್ ಆಕೆಯ ಹೆಸರಿನ ಪ್ರತ್ಯೇಕ 'ಬರ್ಥಾ ಕ್ಲೇ ಲೈಬ್ರರಿ'ಯನ್ನೇ ತೆರೆದು ನೂರಾರು ಸಂಖ್ಯೆಗಳನ್ನು ಹೊರತಂದಿತು. 1922ರಲ್ಲಿ 'ಥಾರ್ನ್ಸ್ ಅಂಡ್ ಆರೆಂಜ್ ಬ್ಲಾಸಮ್ಸ್' ಮೂಕಿ ಚಿತ್ರವೂ ಆಯಿತು.

ಕ್ಯಾರಿಯ ಮುಜುಗರ

ವಿಮರ್ಶಕರು ಇಂಥ ಕಾದಂಬರಿಗಳನ್ನು ಕಂಡು ಮೂಗು ಮುರಿದದ್ದು ಸಹಜವೇ. ಅಂಥ ಮೂಗು ಮುರಿಯುವಿಕೆ ಓದುಗರಿಗೆ ಹೇಗೆ ತಾಗುತ್ತಿತ್ತು ಎಂಬುದಕ್ಕೆ ಸಾಹಿತ್ಯದಲ್ಲೇ ಒಂದು ಸಾಕ್ಷಿ ಇದೆ. ಥಿಯೋಡರ್ ಡ್ರೈಸರ್ 1900ರಲ್ಲಿ ಪ್ರಕಟಿಸಿದ 'ಸಿಸ್ಟರ್ ಕ್ಯಾರಿ' ಅಮೆರಿಕದ ವಾಸ್ತವವಾದಿ ಕಾದಂಬರಿಗಳಲ್ಲಿ ಗಣ್ಯವಾದುದು. ಅದರ ನಾಯಕಿ ಸಣ್ಣ ಊರಿನಿಂದ ಷಿಕಾಗೋಗೆ ಬಂದು ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿದ ಹುಡುಗಿ. ಮುಂದೆ ನ್ಯೂಯಾರ್ಕಿನ ಭೋಜನಕೂಟವೊಂದರಲ್ಲಿ ಓದಿಕೊಂಡ ತರುಣನೊಬ್ಬ, ಕೆಟ್ಟ ಕಾದಂಬರಿಗೆ ಉದಾಹರಣೆಯಾಗಿ 'ಡೋರಾ ಥಾರ್ನ್' ಹೆಸರೆತ್ತುತ್ತಾನೆ. ಕ್ಯಾರಿಗೆ ಆ ಮಾತು ತನಗೇ ಅಂದಂತೆ ಚುಚ್ಚುತ್ತದೆ. ಅವಳು ಅದನ್ನು ಓದಿದ್ದಳು. ಉಳಿದವರೆಲ್ಲ ಅದನ್ನು ಬಹಳ ಚೆನ್ನಾಗಿದೆಯೆಂದು ಮೆಚ್ಚಿಕೊಂಡಿದ್ದಾರೆ ಎಂದೇ ಅವಳು ಅಂದುಕೊಂಡಿದ್ದಳು.

ಡ್ರೈಸರ್ ಇಲ್ಲಿ ಕಾದಂಬರಿಯನ್ನು ಹೀಗಳೆಯುತ್ತಲೇ ಓದುಗಳ ನೋವನ್ನೂ ಕಂಡ. ವಿಪರ್ಯಾಸವೆಂದರೆ 'ಸಿಸ್ಟರ್ ಕ್ಯಾರಿ'ಯ ಮೊದಲ ಮುದ್ರಣದಲ್ಲಿ ಐನೂರು ಪ್ರತಿಗಳೂ ಮಾರಾಟವಾಗಲಿಲ್ಲ. ನಾಲ್ಕೈದು ವರ್ಷದ ಬಳಿಕ ಹೊಟ್ಟೆಪಾಡಿಗಾಗಿ ಡ್ರೈಸರ್ ಸಂಪಾದಕನಾಗಿ ಸೇರಿದ್ದು ಬೇರೆಲ್ಲಿಯೂ ಅಲ್ಲ, ಅದೇ ಸ್ಟ್ರೀಟ್ ಅಂಡ್ ಸ್ಮಿತ್‌ನಲ್ಲಿ.

ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಗಂಟೆ ದುಡಿದು ಬಂದ ಹುಡುಗಿಗೆ ಹತ್ತು ಸೆಂಟಿನಲ್ಲಿ ಸಿಗುತ್ತಿದ್ದ ಸುಖಗಳು ಹೆಚ್ಚಿರಲಿಲ್ಲ. ತನ್ನಂಥವಳೊಬ್ಬಳು ಯಾರೋ ಒಬ್ಬರ ಬದುಕಿಗೆ ಮುಖ್ಯಳಾಗಬಲ್ಲಳು, ಅವಳಿಗೆ ಆದ ಅನ್ಯಾಯ ಲೆಕ್ಕಕ್ಕೆ ಬರುತ್ತದೆ ಎಂಬ ಭರವಸೆ ಆ ಪುಟಗಳಲ್ಲಿತ್ತು. ಭಾಷೆ ಉಬ್ಬಿದ್ದಿರಬಹುದು, ತಿರುವುಗಳು ನಂಬಲಾಗದ್ದಿರಬಹುದು. ಓದಿದವಳ ಕಣ್ಣೀರು ಮಾತ್ರ ನಕಲಿಯಾಗಿರಲಿಲ್ಲ.

ಜಪಾನಿನಲ್ಲಿ 'ಹೊನ್ನಿನ ಯಕ್ಷ'

ಈ ಕಥೆಗಳ ಶಕ್ತಿಗೆ ಇನ್ನೊಂದು ಪುರಾವೆ ದೂರದ ಜಪಾನಿನಲ್ಲಿದೆ. 'ಡೋರಾ ಥಾರ್ನ್' ಜಪಾನಿ ಭಾಷೆಗೆ ಬಂದದ್ದು 1888ರಲ್ಲಿ. ತಂದವನು ಕೇಂಬ್ರಿಜ್‌ನಲ್ಲಿ ಓದಿದ, ಮುಂದೆ ಸಚಿವನೂ ಆದ ಸುಯೆಮಾತ್ಸು ಕೆಂಚೊ. 'ಗೆಂಜಿ'ಯ ಕಥೆಯ ಭಾಗವನ್ನು ಮೊದಲು ಇಂಗ್ಲಿಷಿಗೆ ತಂದ ವಿದ್ವಾಂಸನೂ ಇವನೇ.

ಅದಕ್ಕಿಂತ ದೊಡ್ಡ ಸಂಗತಿ 1897ರದು. ಆ ವರ್ಷ 'ಯೊಮಿಯುರಿ' ಪತ್ರಿಕೆಯಲ್ಲಿ ಒಝಾಕಿ ಕೋಯೋನ 'ಕೊಂಜಿಕಿ ಯಾಶಾ' ಧಾರಾವಾಹಿ ಆರಂಭವಾಯಿತು. ಹೆಸರಿನಲ್ಲಿರುವ 'ಯಾಶಾ', ಬೌದ್ಧಧರ್ಮದ ಜೊತೆ ಜಪಾನ್ ತಲುಪಿದ ನಮ್ಮ 'ಯಕ್ಷ'ನೇ. ಹೊನ್ನಿನ ಯಕ್ಷ ಎಂದು ಅರ್ಥ. ಮದುವೆ ನಿಶ್ಚಯವಾಗಿದ್ದ ಹುಡುಗಿ ಬಡ ವಿದ್ಯಾರ್ಥಿಯನ್ನು ಬಿಟ್ಟು ಸಿರಿವಂತನ ಕೈ ಹಿಡಿಯುತ್ತಾಳೆ. ಮನಸ್ಸು ಮುರಿದ ತರುಣ ಬಡ್ಡಿ ವ್ಯಾಪಾರಿಯಾಗುತ್ತಾನೆ. ಅತಾಮಿಯ ಸಮುದ್ರ ತೀರದಲ್ಲಿ ಅವನು ಅವಳನ್ನು ಒದ್ದು ದೂಡುವ ದೃಶ್ಯ ಜಪಾನಿನಲ್ಲಿ ಮನೆಮಾತು. ಅಲ್ಲಿ ಆ ದೃಶ್ಯದ ಪ್ರತಿಮೆಯೂ ಇದೆ. 1913ರಲ್ಲಿ ಈ ಕಥೆ 'ಚಾಂಗ್‌ಹನ್‌ಮೊಂಗ್' ಎಂಬ ಹೆಸರಿನಲ್ಲಿ ಕೊರಿಯಾಕ್ಕೂ ಹೋಗಿ ಅಲ್ಲಿನದೇ ಕಥೆಯಾಯಿತು.

ಇದರ ಮೂಲ ಯಾವುದೆಂದು ಜಪಾನಿನ ವಿದ್ವಾಂಸರು ಬಹುಕಾಲ ಹುಡುಕಿದರು. 2000ದಲ್ಲಿ ಸಂಶೋಧಕಿ ಹೋರಿ ಕೇಯಿಕೊ ಅವರು ಅದನ್ನು ಗುರುತಿಸಿದರು: ಬರ್ಥಾ ಎಂ. ಕ್ಲೇಯ 'ವೀಕರ್ ದ್ಯಾನ್ ಎ ವುಮನ್'. ಅಮೆರಿಕದ ಅಗ್ಗದ ಆವೃತ್ತಿಗಳು ಎಷ್ಟು ದೂರ ಹೋಗಿದ್ದವೆಂದರೆ, ಜಪಾನಿನ ಆಧುನಿಕ ಸಾಹಿತ್ಯದ ಹೆಸರಾಂತ ಕೃತಿಯೊಂದಕ್ಕೆ ಇಂಗ್ಲೆಂಡಿನ ಮರೆತುಹೋದ ಲೇಖಕಿಯೊಬ್ಬಳು ಬೀಜ ಹಾಕಿದ್ದಳು. ಅದೂ ತನ್ನದಲ್ಲದ ಹೆಸರಿನಲ್ಲಿ.

ಹೆಸರಿಗೆ ಒಡೆಯರು ಯಾರು?

ಹುಟ್ಟೂರು ಆಕೆಯನ್ನು ನೆನಪಿಸಿಕೊಳ್ಳಲು ನೂರು ವರ್ಷ ಬೇಕಾಯಿತು. 1984ರಲ್ಲಿ ಸ್ಥಳೀಯ ಇತಿಹಾಸಕಾರ ಗ್ರೆಗರಿ ಡ್ರೋಜ್ ಅವರು ಆಕೆಯ ಬಗ್ಗೆ ಕಿರುಪುಸ್ತಕ ಬರೆದು 'ಹಿಂಕ್ಲಿಯ ಮರೆತ ಮಗಳು' ಎಂದು ಕರೆದರು. ನಂತರ ಅವರೂ ಜಪಾನಿನಲ್ಲಿ ನೆಲೆಸಿದ ಗ್ರಹಾಂ ಲಾ ಅವರೂ ಇನ್ನಿತರರೂ ಸೇರಿ, ಹಳೆಯ ವಾರಪತ್ರಿಕೆಗಳನ್ನು ಕೆದಕಿ, ಆಕೆಯೇ ಬರೆದದ್ದು ಯಾವುದು, ಆಕೆಯ ತಲೆಗೆ ಕಟ್ಟಿದ್ದು ಯಾವುದು ಎಂದು ಪಟ್ಟಿ ಮಾಡಿದರು. ಅದು ಸುಲಭದ ಕೆಲಸವಲ್ಲ. ಒಂದೇ ಕಾದಂಬರಿ ಎರಡು ಮೂರು ಶೀರ್ಷಿಕೆಗಳಲ್ಲಿ, ಎರಡು ಮೂರು ಹೆಸರುಗಳಲ್ಲಿ ಅಚ್ಚಾಗಿತ್ತು.

ಲೇಖಕರ ಹಕ್ಕುಗಳನ್ನು ದೇಶದ ಗಡಿಯಾಚೆಗೂ ಕಾಪಾಡುವ ಬರ್ನ್ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದ್ದು 1886ರಲ್ಲಿ, ಷಾರ್ಲೆಟ್ ಸತ್ತ ಎರಡು ವರ್ಷಕ್ಕೆ. ಅಮೆರಿಕ ಅದಕ್ಕೆ ಸೇರಿದ್ದು 1989ರಲ್ಲಿ. ಇಂದು ಆಕೆಯ ಕಾಲದಂತೆ ಬಹಿರಂಗವಾಗಿ ಕೊಳ್ಳೆ ಹೊಡೆಯಲು ಕಾನೂನು ಬಿಡುವುದಿಲ್ಲ. ಆದರೆ ಜನಪ್ರಿಯ ಲೇಖಕನ ಹೆಸರನ್ನು ಅವನು ಸತ್ತ ಮೇಲೂ ದುಡಿಸುವ ಪದ್ಧತಿ ನಿಂತಿಲ್ಲ. ಈಗ ಅದು ಒಪ್ಪಂದದ ಮೇಲೆ, ವಾರಸುದಾರರ ಒಪ್ಪಿಗೆ ಪಡೆದು ನಡೆಯುತ್ತದೆ, ಬರೆದವರ ಹೆಸರೂ ಹಲವು ಬಾರಿ ಹೊದಿಕೆಯ ಮೇಲೆ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ.

ಆ ವ್ಯತ್ಯಾಸ ಸಣ್ಣದಲ್ಲ. ಬರ್ಥಾ ಕ್ಲೇಯ ಹೆಸರಿನಿಂದ ಪ್ರಕಾಶಕರು ಗಳಿಸಿದರು, ಬಾಡಿಗೆ ಲೇಖಕರು ಕೂಲಿ ಪಡೆದರು, ಓದುಗರು ಹತ್ತು ಸೆಂಟಿಗೆ ಒಂದು ಸಂಜೆಯ ಸುಖ ಪಡೆದರು. ಆ ಹೆಸರಿಗೆ ಮೊದಲು ಬೆಲೆ ತಂದುಕೊಟ್ಟ ಹೆಂಗಸಿಗೆ ಮಾತ್ರ ಅದರಲ್ಲಿ ಪಾಲಿರಲಿಲ್ಲ.